ಕೈಗುಣವೋ, ಕೋಣೆಯ ಗುಣವೋ?

ಗಿಡ ಚೆನ್ನಾಗಿ ಬಂದರೆ ನೆಟ್ಟವರ ಕೈಗುಣ ಒಳ್ಳೆಯದು ಎನ್ನುವುದು ಕನ್ನಡನಾಡಿನಲ್ಲಿ ಹಿಂದಿನಿಂದ ಬಂದ ಮಾತು. ಗಿಡ ಸತ್ತರೂ ಅದೇ ಮಾತು ತಿರುವುಮುರುವಾಗಿ ಬರುತ್ತದೆ: ‘ನಮ್ಮ ಕೈಗೆ ಗಿಡ ಹತ್ತುವುದಿಲ್ಲ ಬಿಡಿ.’ ಅಂಗಳದ ತುಳಸಿ, ಹಿತ್ತಲ ದಾಸವಾಳದ ವಿಷಯದಲ್ಲಿ ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅಲ್ಲಿ ಬಿಸಿಲು, ಮಳೆ, ಗಾಳಿಗಳು ತಮ್ಮ ಪಾಲಿನ ಕೆಲಸ ಮಾಡಿರುತ್ತವೆ. ನರ್ಸರಿಯಿಂದ ತಂದು ಹಜಾರದ ಮೂಲೆಯಲ್ಲಿಟ್ಟ ಗಿಡದ ಕತೆಯೇ ಬೇರೆ. ತಿಂಗಳೊಪ್ಪತ್ತಿನಲ್ಲಿ ಅದು ಹಳದಿಗೆ ತಿರುಗಿ ಎಲೆ ಉದುರಿಸತೊಡಗಿದಾಗ ಮನೆಯವರಿಗೆ ಕಾರಣ ತೋಚುವುದಿಲ್ಲ. ನೀರು ಹಾಕಿದ್ದಾಗಿದೆ, ಗೊಬ್ಬರ ಕೊಟ್ಟದ್ದಾಗಿದೆ, ಎಲೆಯ ಮೇಲಿನ ದೂಳನ್ನೂ ಒರೆಸಿದ್ದಾಗಿದೆ. ಆದರೂ ಗಿಡ ಉಳಿಯಲಿಲ್ಲ. ತಪ್ಪನ್ನು ಕೈಗುಣದ ಮೇಲೆ ಹೊರಿಸಿ ಕುಂಡವನ್ನು ತಾರಸಿಯ ಮೂಲೆಗೆ ಸೇರಿಸಿದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಚರಿತ್ರೆಯಲ್ಲಿ ಕೆಲವರು ಮಾತ್ರ ಅಲ್ಲಿಗೆ ಕತೆ ಮುಗಿಸಲಿಲ್ಲ. ಗಿಡ ಏಕೆ ಸತ್ತಿತು ಎಂದು ಕೇಳಿದರು. ಚಾವಣಿಯ ಕೆಳಗೆ ಬೆಳೆಯುವ ಗಿಡಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಕಳೆದ 300 ವರ್ಷಗಳಲ್ಲಿ ಹೀಗೆ ಕೇಳಿದವರಿಂದ ಬಂದದ್ದು. ಬಾಡಿದ, ಕೊಳೆತ, ಎಲೆ ಕಳಚಿದ ಗಿಡಗಳು ಇವರ ಪಾಲಿಗೆ ಸಾಕ್ಷಿಗಳಾದವು. ಆ ಸಾಕ್ಷಿಗಳು ಹೇಳಿದ್ದು ಕುಂಡದ ಕತೆಯನ್ನಷ್ಟೇ ಅಲ್ಲ. ಕೋಣೆಯ ಗಾಳಿ, ಬೆಳಕು, ತೇವಗಳ ಬಗ್ಗೆ ಮನುಷ್ಯರ ಕಣ್ಣು ಮೂಗಿಗೆ ಗೊತ್ತಾಗದ ಸಂಗತಿಗಳನ್ನೂ ಅವು ಹೇಳಿದವು. ಅದೇ ಕೋಣೆಯಲ್ಲಿ ಮನುಷ್ಯರೂ ಉಸಿರಾಡುತ್ತಿದ್ದರು.

ಪಾದ್ರಿಯ ತಕ್ಕಡಿ

ಮನೆಯೊಳಗಿನ ಗಿಡಗಳ ಸಾವಿಗೆ ನೀರಿನ ಕೊರತೆಗಿಂತ ನೀರು ಹೆಚ್ಚಾಗುವುದೇ ಸಾಮಾನ್ಯ ಕಾರಣ ಎಂದು ತೋಟಗಾರಿಕೆ ಬಲ್ಲವರು ಹೇಳುತ್ತಾರೆ. ಗಿಡಕ್ಕೆ ದಿನಕ್ಕೆ ಎಷ್ಟು ನೀರು ಬೇಕು ಎಂಬ ಪ್ರಶ್ನೆಗೆ ಮೊದಲು ಅಳತೆಯ ಉತ್ತರ ಹುಡುಕಿದವರಲ್ಲಿ ಒಬ್ಬರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಲಂಡನ್ ಸಮೀಪದ ಟೆಡಿಂಗ್ಟನ್ ಎಂಬ ಊರಿನ ಚರ್ಚು ಅವರ ಸುಪರ್ದಿಯಲ್ಲಿತ್ತು. 1724ರ ಜುಲೈನಲ್ಲಿ ಅವರು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವೊಂದನ್ನು ಕುಂಡದಲ್ಲಿ ತೆಗೆದುಕೊಂಡು, ಮಣ್ಣಿನಿಂದ ನೀರು ಆರಿಹೋಗದಂತೆ ಕುಂಡದ ಬಾಯಿಯನ್ನು ತೆಳುವಾದ ಸೀಸದ ತಗಡಿನಿಂದ ಮುಚ್ಚಿದರು. ಬಳಿಕ ದಿನವೂ ಬೆಳಿಗ್ಗೆ ಮತ್ತು ಸಂಜೆ ಕುಂಡವನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಕಡಿಮೆಯಾದ ತೂಕವೆಲ್ಲ ಗಿಡ ಎಲೆಗಳ ಮೂಲಕ ಹೊರಬಿಟ್ಟ ನೀರು ಎಂಬುದು ಲೆಕ್ಕ.

ಹಗಲಿನ 12 ಗಂಟೆಗಳಲ್ಲಿ ಗಿಡ ಸರಾಸರಿ 1 ಪೌಂಡ್ 4 ಔನ್ಸ್, ಎಂದರೆ ಸುಮಾರು 570 ಗ್ರಾಂ ನೀರನ್ನು ಕಳೆದುಕೊಳ್ಳುತ್ತಿತ್ತು. ಬಿಸಿಲು ಜೋರಾಗಿದ್ದ ಒಣ ದಿನದಲ್ಲಿ ಇದು 850 ಗ್ರಾಂವರೆಗೆ ಏರಿತು. ರಾತ್ರಿಯಲ್ಲಿ ತೀರಾ ಕಡಿಮೆ. ಇಬ್ಬನಿ ಬಿದ್ದ ರಾತ್ರಿಗಳಲ್ಲಂತೂ ಏನೂ ಖರ್ಚಾಗಲಿಲ್ಲ. ಹೇಲ್ಸ್ ಅಷ್ಟಕ್ಕೇ ಬಿಡದೆ ನಿಂಬೆ, ಬಾಳೆ, ಲೋಳೆಸರದ ಜಾತಿಯ ಗಿಡಗಳನ್ನೂ ತೂಗಿ ನೋಡಿದರು. ಒಂದೊಂದರ ಖರ್ಚೂ ಬೇರೆಬೇರೆಯಾಗಿತ್ತು. 1727ರಲ್ಲಿ ಈ ಲೆಕ್ಕಗಳೆಲ್ಲ ಪುಸ್ತಕವಾಗಿ ಬಂದವು.

ಇಂದಿನ ಮನೆಗಳಿಗೆ ಇದರಿಂದ ಸಿಗುವ ಪಾಠ ಸರಳವಾದದ್ದು. ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅಂದಿನ ಬಿಸಿಲು, ಗಾಳಿ ಮತ್ತು ಆ ಗಿಡದ ಜಾತಿ, ಕ್ಯಾಲೆಂಡರಲ್ಲ. ಹಜಾರದ ಮಂದ ಬೆಳಕಿನಲ್ಲಿ, ಅದೂ ಆಷಾಢದ ಜಡಿಮಳೆಯ ದಿನಗಳಲ್ಲಿ, ಎಲೆಗಳಿಂದ ನೀರು ಆರುವುದೇ ಕಡಿಮೆ. ಆದರೂ ಎಷ್ಟೋ ಮನೆಗಳಲ್ಲಿ ಬೇಸಗೆಯಂತೆಯೇ ದಿನಕ್ಕೊಂದು ಚೊಂಬು ನೀರು ಬೀಳುತ್ತಿರುತ್ತದೆ.

ಹೆಚ್ಚಾದ ನೀರು ಗಿಡವನ್ನು ಕೊಲ್ಲುವ ಬಗೆಯೂ ವಿಚಿತ್ರ. ಬೇರುಗಳಿಗೂ ಆಮ್ಲಜನಕ ಬೇಕು. ಅದು ಸಿಗುವುದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ. ಆ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಆಮ್ಲಜನಕ ಬೇರನ್ನು ಮುಟ್ಟುವುದು ದುಸ್ತರ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವ ವೇಗ ಸುಮಾರು 10 ಸಾವಿರ ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಹೀಗಾಗಿ ನೀರಿನಲ್ಲೇ ನಿಂತ ಗಿಡ ಬಾಯಾರಿ ಬಾಡುತ್ತದೆ. ಬಾಡಿದ್ದನ್ನು ಕಂಡ ಮನೆಯವರು ನೀರು ಸಾಲದೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ನೀರು ಹಾಕುವ ಮುನ್ನ ಕುಂಡವನ್ನು ಎತ್ತಿ ಭಾರ ನೋಡುವ ಅನುಭವಿ ಮಾಲಿ, ತನಗೆ ಅರಿವಿಲ್ಲದೆಯೇ, ಹೇಲ್ಸ್ ಪಾದ್ರಿಯ ತಕ್ಕಡಿಯನ್ನು ಕೈಯಲ್ಲಿ ಹಿಡಿದಿರುತ್ತಾನೆ.

ಕೈಕೊಟ್ಟ ಪ್ರಯೋಗ

ನೀರಿನ ನಂತರ ಬೆಳಕಿನ ಸರದಿ. ಇದರ ಚರಿತ್ರೆಯೂ ವೈಫಲ್ಯವೊಂದರ ಸುತ್ತ ಸುತ್ತುತ್ತದೆ. 1771ರ ಆಗಸ್ಟ್ 17ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಆರಿಹೋಗಿದ್ದ ಗಾಜಿನ ಪಾತ್ರೆಯ ಗಾಳಿಯೊಳಗೆ ಪುದೀನದ ಕಡ್ಡಿಯೊಂದನ್ನು ಇಟ್ಟರು. 10 ದಿನಗಳ ನಂತರ ಅದೇ ಗಾಳಿಯಲ್ಲಿ ಮತ್ತೊಂದು ಬತ್ತಿ ಚೆನ್ನಾಗಿ ಉರಿಯಿತು. ಕೆಟ್ಟ ಗಾಳಿಯನ್ನು ಗಿಡ ಸರಿಪಡಿಸುತ್ತದೆ ಎಂಬ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತು.

ತೊಡಕು ಬಂದದ್ದು ಆಮೇಲೆ. ಸ್ವೀಡನ್ನಿನ ಕಾರ್ಲ್ ಷೀಲೆ ಇಂಥ ಪ್ರಯೋಗ ಮಾಡಿದಾಗ ಗಾಳಿ ಸುಧಾರಿಸುವ ಬದಲು ಕೆಟ್ಟಿತು. ಸ್ವತಃ ಪ್ರೀಸ್ಟ್ಲಿಯವರು ಕೆಲವು ವರ್ಷಗಳ ಬಳಿಕ ಮತ್ತೆ ಪ್ರಯೋಗಕ್ಕೆ ಇಳಿದಾಗ ಒಮ್ಮೆ ಒಂದು ಫಲಿತಾಂಶ, ಇನ್ನೊಮ್ಮೆ ಅದಕ್ಕೆ ತದ್ವಿರುದ್ಧ. ಅದೇ ಗಿಡ, ಅದೇ ಪಾತ್ರೆ. ಬದಲಾಗುತ್ತಿದ್ದುದು ಏನು?

ಉತ್ತರ ಕೊಟ್ಟವರು ಹಾಲೆಂಡ್ ಮೂಲದ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಗೆಯಲ್ಲಿ ಲಂಡನ್ ಹೊರವಲಯದ ಹಳ್ಳಿ ಮನೆಯೊಂದರಲ್ಲಿ ಕುಳಿತು ಅವರು 500ಕ್ಕೂ ಹೆಚ್ಚು ಪ್ರಯೋಗಗಳನ್ನು ಮಾಡಿದರು. ಬದಲಾಗುತ್ತಿದ್ದುದು ಬೆಳಕು ಎಂಬುದು ಅವುಗಳಿಂದ ಖಚಿತವಾಯಿತು. ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಸರಿಪಡಿಸುತ್ತವೆ; ಕತ್ತಲೆಯಲ್ಲಿ ಪ್ರಾಣಿಗಳ ಹಾಗೆ ಅವೂ ಗಾಳಿಯನ್ನು ಕೆಡಿಸುತ್ತವೆ. ದ್ಯುತಿಸಂಶ್ಲೇಷಣೆ ಎಂದು ಶಾಲಾ ಮಕ್ಕಳು ಇಂದು ಬಾಯಿಪಾಠ ಮಾಡುವ ಕ್ರಿಯೆಯ ಮೊದಲ ಸ್ಪಷ್ಟ ಚಿತ್ರ ಇದೇ. ಪ್ರೀಸ್ಟ್ಲಿಯವರ ಪ್ರಯೋಗ ಪ್ರತಿ ಸಲವೂ ಗೆದ್ದಿದ್ದರೆ ಬೆಳಕಿನತ್ತ ಯಾರ ಗಮನವೂ ಹೋಗುತ್ತಿರಲಿಲ್ಲವೇನೋ.

ರಾತ್ರಿ ಮಲಗುವ ಕೋಣೆಯಲ್ಲಿ ಗಿಡ ಇರಬಾರದು ಎಂಬ ಭಯಕ್ಕೂ ಇದೇ ಸಂಶೋಧನೆ ಮೂಲವಾಯಿತು. ಆದರೆ ಒಂದೆರಡು ಕುಂಡಗಳು ಇರುಳಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದರ ಮುಂದೆ ಲೆಕ್ಕಕ್ಕೆ ಬರುವಂಥದ್ದಲ್ಲ. ಹೆದರಬೇಕಾದದ್ದು ಹಗಲಿನ ಕತ್ತಲೆಗೆ. ಮನುಷ್ಯನ ಕಣ್ಣು ಮಂದ ಬೆಳಕಿಗೆ ಬೇಗ ಒಗ್ಗಿಕೊಳ್ಳುವುದರಿಂದ ಕೋಣೆ ಬೆಳಕಾಗಿದೆ ಎಂದೇ ತೋರುತ್ತದೆ. ಲಕ್ಸ್ ಎಂಬ ಮಾನದಲ್ಲಿ ಅಳೆದರೆ ಬಯಲಿನ ನಡುಹಗಲ ಬಿಸಿಲು 1 ಲಕ್ಷದಷ್ಟು. ಕಿಟಕಿಯಿಂದ ದೂರದ ಮೂಲೆಯಲ್ಲಿ ಕೆಲವು ನೂರು. ಪತ್ರಿಕೆ ಓದಲು ಸಾಕಾಗುವ ಬೆಳಕಿನಲ್ಲಿ ಗಿಡ ಉಪವಾಸ ಬೀಳಬಹುದು.

ವೈದ್ಯನ ಸೀಸೆ

ನೀರು ಮತ್ತು ಬೆಳಕಿನ ಗುಟ್ಟು ತಿಳಿದ ಮೇಲೂ ಲಂಡನ್ನಿನ ಪೂರ್ವಭಾಗದಲ್ಲಿ ಗಿಡಗಳು ಬದುಕುತ್ತಿರಲಿಲ್ಲ. ಅಲ್ಲಿ ವೆಲ್‌ಕ್ಲೋಸ್ ಚೌಕದಲ್ಲಿ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ (1791–1868) ಎಂಬ ವೈದ್ಯರು ವಾಸವಾಗಿದ್ದರು. ಬಡಕಾರ್ಮಿಕರು, ಹಡಗಿನ ಕೂಲಿಗಳೇ ಹೆಚ್ಚಾಗಿದ್ದ ಪ್ರದೇಶ ಅದು. ವಾರ್ಡ್ ಅವರಿಗೆ ಜರೀಗಿಡಗಳ ಹುಚ್ಚು. ಮನೆಯ ಹಿಂದಿನ ಅಂಗಳದಲ್ಲಿ ಕಲ್ಲು ಜೋಡಿಸಿ, ನೀರು ತೊಟ್ಟಿಕ್ಕುವಂತೆ ಮಾಡಿ, ಜರೀಗಿಡಗಳನ್ನೂ ಹಾವಸೆಯನ್ನೂ ತಂದು ನೆಟ್ಟರು. ಸುತ್ತಲಿನ ಚಿಮಣಿಗಳಿಂದ ಬರುತ್ತಿದ್ದ ಕಲ್ಲಿದ್ದಲ ಹೊಗೆಗೆ ಅವೆಲ್ಲ ಒಂದೊಂದಾಗಿ ಸತ್ತವು. ವಾರ್ಡ್ ಕೈಚೆಲ್ಲಿದರು.

1829ರಲ್ಲಿ ಅವರು ಮಾಡುತ್ತಿದ್ದುದು ಬೇರೆಯೇ ಕೆಲಸ. ಪತಂಗವೊಂದರ ಕೋಶದಿಂದ ಹುಳು ಹೊರಬರುವುದನ್ನು ನೋಡುವ ಆಸೆಯಿಂದ, ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಒದ್ದೆ ಮಣ್ಣು ತುಂಬಿ, ಕೋಶವನ್ನು ಅದರಲ್ಲಿ ಹುಗಿದು ಮುಚ್ಚಳ ಹಾಕಿದ್ದರು. ಹಗಲಿನ ಶಾಖಕ್ಕೆ ಮಣ್ಣಿನ ನೀರು ಆವಿಯಾಗಿ ಮೇಲೇರಿ, ಗಾಜಿಗೆ ತಾಗಿ ಹನಿಗಟ್ಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಕೆಲದಿನಗಳಲ್ಲಿ ಮಣ್ಣಿನಿಂದ ಒಂದು ಜರೀಗಿಡ ಮತ್ತು ಒಂದು ಹುಲ್ಲು ತಲೆಯೆತ್ತಿದವು. ಅಂಗಳದಲ್ಲಿ ಎಷ್ಟು ಆರೈಕೆ ಮಾಡಿದರೂ ಬಾರದಿದ್ದ ಜರೀಗಿಡ ಸೀಸೆಯಲ್ಲಿ ತಾನೇ ತಾನಾಗಿ ಬಂದಿತ್ತು.

ವಾರ್ಡ್ ಅವರ ಹೆಚ್ಚುಗಾರಿಕೆ ಇರುವುದು ಹಳೆಯ ಸೋಲನ್ನು ಆ ಗಳಿಗೆಯಲ್ಲಿ ಮರೆಯದೆ ಇದ್ದುದರಲ್ಲಿ. ಅಂಗಳಕ್ಕೂ ಸೀಸೆಗೂ ಇರುವ ವ್ಯತ್ಯಾಸವೇನು ಎಂದು ಅವರು ಕೇಳಿಕೊಂಡರು. ಸೀಸೆಯೊಳಗೆ ಮಸಿ ಇಲ್ಲ, ತೇವ ಆರಿಹೋಗುವುದಿಲ್ಲ, ಬೆಳಕು ಬರುತ್ತದೆ. ಸೀಸೆಯನ್ನು ಕಿಟಕಿಯ ಹೊರಗಿಟ್ಟು ಕಾದರು. ಸುಮಾರು ನಾಲ್ಕು ವರ್ಷ ಒಂದು ಹನಿ ನೀರನ್ನೂ ಕೇಳದೆ ಗಿಡಗಳು ಬದುಕಿದವು. ಕೊನೆಗೆ ಸತ್ತದ್ದು ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗೆ ನುಗ್ಗಿದಾಗ. ಈ ಸಾವನ್ನೂ ಅವರು ಬರೆದಿಟ್ಟರು.

ಮುಂದಿನದು ದೊಡ್ಡ ಕತೆ. ಆವರೆಗೆ ದೂರದೇಶದ ಸಸಿಗಳನ್ನು ಹಡಗಿನಲ್ಲಿ ತರುವುದೆಂದರೆ ಉಪ್ಪುನೀರು, ಸೆಖೆ, ಚಳಿಗಳಿಗೆ ಬಲಿ ಕೊಟ್ಟಂತೆ. ಚೀನಾದಿಂದ ಕಳಿಸಿದ 1,000 ಗಿಡಗಳಲ್ಲಿ ಒಂದು ಮಾತ್ರ ಇಂಗ್ಲೆಂಡಿನವರೆಗೆ ಬದುಕುತ್ತದೆ ಎಂದು 1819ರಲ್ಲಿ ಮಕಾವ್‌ನಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್ ಅಂದಾಜು ಮಾಡಿದ್ದರು. 1833ರಲ್ಲಿ ವಾರ್ಡ್ ಮುಚ್ಚಿದ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಜರೀಗಿಡ ಮತ್ತು ಹುಲ್ಲುಗಳನ್ನು ಆಸ್ಟ್ರೇಲಿಯಕ್ಕೆ ಕಳಿಸಿದರು. ಗಿಡಗಳು ಜೀವಂತವಾಗಿ ತಲುಪಿದವು. 1834ರ ಫೆಬ್ರವರಿಯಲ್ಲಿ ಅವೇ ಪೆಟ್ಟಿಗೆಗಳಲ್ಲಿ ಸಿಡ್ನಿಯ ಗಿಡಗಳನ್ನು ತುಂಬಲಾಯಿತು. ಕೇಪ್ ಹಾರ್ನ್ ಬಳಿಯ ಹಿಮವನ್ನೂ ಸಮಭಾಜಕ ವೃತ್ತದ ಸುಡುಬಿಸಿಲನ್ನೂ ದಾಟಿ ಅದೇ ವರ್ಷದ ನವೆಂಬರ್‌ನಲ್ಲಿ ಅವು ಲಂಡನ್ ಸೇರಿದವು. ‘ವಾರ್ಡಿಯನ್ ಪೆಟ್ಟಿಗೆ’ ಎಂಬ ಹೆಸರು ಶಾಶ್ವತವಾಯಿತು. 1842ರಲ್ಲಿ ವಾರ್ಡ್ ಈ ಕುರಿತು ಪುಸ್ತಕ ಬರೆದರು. 1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದ ಮೇಲೆ ಈ ಪೆಟ್ಟಿಗೆ ಮಧ್ಯಮವರ್ಗದ ಹಜಾರಗಳ ಅಲಂಕಾರವಾಯಿತು. ಜರೀಗಿಡದ ಗೀಳು ಎಷ್ಟು ಹೆಚ್ಚಿತೆಂದರೆ ಕೆಲವು ಅಪರೂಪದ ಜಾತಿಗಳು ಕಾಡಿನಿಂದಲೇ ಬರಿದಾಗುವ ಸ್ಥಿತಿ ಬಂತು.

ತೆರೆದರೆ ಕೆಟ್ಟಿತು

ವಾರ್ಡಿಯನ್ ಪೆಟ್ಟಿಗೆಯ ಕೀರ್ತಿ ಭಾರತಕ್ಕೂ ಮುಟ್ಟಿತು. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ರಾಬರ್ಟ್ ಫಾರ್ಚೂನ್ ಎಂಬ ತೋಟಗಾರನನ್ನು ಚೀನಾಕ್ಕೆ ಕಳಿಸಿ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತರಿಸಿತು. ಮೊದಲ ದೊಡ್ಡ ರವಾನೆಯ ಬಹುಪಾಲು ಸಸಿಗಳು ದಾರಿಯಲ್ಲೇ ಸತ್ತವು. ಮುಚ್ಚಿರಬೇಕಾಗಿದ್ದ ಪೆಟ್ಟಿಗೆಗಳನ್ನು ಪ್ರಯಾಣದ ನಡುವೆ ತೆರೆದು ನೀರುಣಿಸಿದ ಉಪಚಾರವೂ ಅದಕ್ಕೆ ಒಂದು ಕಾರಣವಾಗಿತ್ತು. ಒಳಗಿನ ನೀರೇ ತಿರುಗಿ ಬರುವ ವ್ಯವಸ್ಥೆಯನ್ನು ಸದುದ್ದೇಶದ ಕೈಗಳು ಕೆಡಿಸಿದ್ದವು.

ಫಾರ್ಚೂನ್ ಉಪಾಯ ಬದಲಿಸಿದ. ಪೆಟ್ಟಿಗೆಗಳಲ್ಲಿ ಹಿಪ್ಪುನೇರಳೆ ಗಿಡಗಳನ್ನು ನೆಟ್ಟು, ಅವುಗಳ ನಡುವಿನ ಮಣ್ಣಿನಲ್ಲಿ ಚಹಾ ಬೀಜಗಳನ್ನು ಬಿತ್ತಿ ಕಳಿಸಿದ. ಕೋಲ್ಕತ್ತ ತಲುಪುವ ಹೊತ್ತಿಗೆ ಬೀಜಗಳು ಒತ್ತಾಗಿ ಮೊಳೆತಿದ್ದವು. 1851ರಲ್ಲಿ ಸಹಾರನ್‌ಪುರಕ್ಕೆ 12 ಸಾವಿರಕ್ಕೂ ಹೆಚ್ಚು ಸಸಿಗಳು ಸೇರಿದವು. ಒಮ್ಮೆ ಮುಚ್ಚಿದ ಮೇಲೆ ಪದೇಪದೇ ತೆರೆದು ನೋಡಬಾರದು ಎಂಬ ಈ ನಿಯಮವನ್ನು, ಗಾಜಿನ ಬುರುಡೆಯಲ್ಲಿ ಪುಟ್ಟ ತೋಟ ಮಾಡುವ ಇಂದಿನ ಹವ್ಯಾಸಿಗಳೂ ಒಂದೆರಡು ತೋಟ ಕೊಳೆತ ಮೇಲೆಯೇ ಕಲಿಯುವುದು.

ಸೀತಾಳೆಗೆ ಹಬೆಯ ಸ್ನಾನ

ಹೆಚ್ಚಾದ ಉಪಚಾರದ ಇನ್ನೊಂದು ಉದಾಹರಣೆ ಆರ್ಕಿಡ್. ಮಲೆನಾಡಿನವರಿಗೆ ಇದು ಹೊಸದಲ್ಲ; ಮರದ ಕೊಂಬೆಯಿಂದ ಜಡೆಯಂತೆ ಇಳಿಯುವ ಸೀತಾಳೆ ದಂಡೆ ಆರ್ಕಿಡ್ ಕುಟುಂಬದ್ದೇ. ಮರದ ಮೇಲಿದ್ದರೂ ಅದು ಮರದ ರಸ ಹೀರುವ ಬಂದಳಿಕೆಯಲ್ಲ. ಬೇರುಗಳನ್ನು ಗಾಳಿಗೆ ಚಾಚಿ, ಮಳೆ ಮತ್ತು ಮಂಜಿನಿಂದ ನೀರು ಪಡೆದು ಬದುಕುತ್ತದೆ.

19ನೇ ಶತಮಾನದ ಆರಂಭದಲ್ಲಿ ಯುರೋಪಿನ ತೋಟಗಾರರಿಗೆ ಇದು ತಿಳಿದಿರಲಿಲ್ಲ. ಅವರು ಆರ್ಕಿಡ್‌ಗಳನ್ನು ಪರೋಪಜೀವಿಗಳೆಂದು ಬಗೆದು ಕೊಳೆತ ಮರದ ತುಂಡುಗಳಲ್ಲಿ ಹುಗಿದರು. ಉಷ್ಣವಲಯದ ಗಿಡವೆಂದರೆ ಸೆಖೆ ಬೇಕು ಎಂದುಕೊಂಡು, ಒಲೆ ಉರಿಸಿ, ಹಬೆ ತುಂಬಿ, ಕಿಟಕಿ ಮುಚ್ಚಿದ ಗಾಜಿನ ಮನೆಗಳಲ್ಲಿ ಕೂಡಿಹಾಕಿದರು. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿಯವರೇ 1830ರ ಸುಮಾರಿಗೆ ಹೆಚ್ಚು ಶಾಖ, ಹೆಚ್ಚು ತೇವ, ದಟ್ಟ ನೆರಳು ಬೇಕೆಂದು ಸಲಹೆ ಮಾಡಿದ್ದರು. ಸಾವಿರಾರು ಮೈಲಿ ದಾಟಿ ಬಂದ ಗಿಡಗಳು ಅಲ್ಲಿ ರಾಶಿರಾಶಿಯಾಗಿ ಸತ್ತವು. ಇಂಗ್ಲೆಂಡು ಆರ್ಕಿಡ್‌ಗಳ ಸ್ಮಶಾನ ಎಂಬ ಅಪಖ್ಯಾತಿಯೇ ಹುಟ್ಟಿಕೊಂಡಿತು.

ಇದಕ್ಕೆ ಪರಿಹಾರ ಸಿಕ್ಕಿದ್ದು ಗಿಡದ ತವರೂರು ಎಂಥದ್ದೆಂದು ವಿಚಾರಿಸಿದಾಗ. ಚಾಟ್ಸ್‌ವರ್ತ್ ಅರಮನೆಯ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ಮಾಲಿಯನ್ನು ಭಾರತಕ್ಕೆ ಕಳಿಸಿದರು. ಗಿಬ್ಸನ್ ಇಂದಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಅಲೆದು, 1837ರಲ್ಲಿ 100ಕ್ಕೂ ಹೆಚ್ಚು ಬಗೆಯ ಆರ್ಕಿಡ್‌ಗಳೊಂದಿಗೆ ಮರಳಿದರು. ಖಾಸಿ ಬೆಟ್ಟಗಳು ಉಷ್ಣವಲಯದ ಅಂಚಿನಲ್ಲಿದ್ದರೂ ಎತ್ತರದಿಂದಾಗಿ ತಂಪು; ಮಳೆಗಾಲದಲ್ಲಿ ಜಗತ್ತಿನಲ್ಲೇ ಹೆಸರಾದ ಮಳೆ, ಚಳಿಗಾಲದಲ್ಲಿ ಒಣಹವೆ, ಯಾವಾಗಲೂ ಬೀಸುವ ಗಾಳಿ. ಪ್ಯಾಕ್ಸ್‌ಟನ್ ಶಾಖ ಇಳಿಸಿದರು, ಗಾಳಿಯಾಡಲು ಬಿಟ್ಟರು, ಬೇರೆಬೇರೆ ಹವೆಯ ಗಿಡಗಳಿಗೆ ಬೇರೆಬೇರೆ ಮನೆಗಳನ್ನು ಮಾಡಿದರು. ಲಿಂಡ್ಲಿಯವರೂ ಮುಂದೆ ಗಿಡಗಳ ತವರಿನ ಎತ್ತರ, ಚಳಿ, ಮಳೆಗಳ ವಿವರಗಳನ್ನು ಸಂಗ್ರಹಿಸಿ ಪ್ರಕಟಿಸತೊಡಗಿದರು. ಆರ್ಕಿಡ್‌ಗಳು ಬದುಕಿದವು.

ಇದೇ ಪ್ಯಾಕ್ಸ್‌ಟನ್ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದವರು. ಆ ಮಾದರಿಯನ್ನು ನೆನಪಿಸುವ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಶಂಕುಸ್ಥಾಪನೆಯಾಯಿತು. ಚಳಿದೇಶದ ಗಾಜಿನ ಮನೆ ಶಾಖವನ್ನು ಹಿಡಿದಿಡಲು ಇದ್ದರೆ, ಇಲ್ಲಿಯದು ಫಲಪುಷ್ಪ ಪ್ರದರ್ಶನದ ಸಭಾಂಗಣವಾಗಿ ಹೆಸರಾಯಿತು.

ದೀಪದ ಕೆಳಗೆ

19ನೇ ಶತಮಾನದ ನಡುಭಾಗಕ್ಕೆ ಯುರೋಪಿನ ಪಟ್ಟಣಗಳ ಮನೆಯೊಳಗೆ ಕಲ್ಲಿದ್ದಲಿನಿಂದ ತಯಾರಿಸಿದ ಗ್ಯಾಸಿನ ದೀಪಗಳು ಬಂದವು. ಮನೆ ಬೆಳಗಿತು, ಗಿಡಗಳು ಸಾಯತೊಡಗಿದವು. ನೀರು, ಬೆಳಕು, ಮಣ್ಣು ಎಲ್ಲ ಸರಿಯಿದ್ದರೂ ಎಲೆ ಉದುರುತ್ತಿತ್ತು, ಮೊಗ್ಗು ಅರಳುತ್ತಿರಲಿಲ್ಲ. ಈ ಹವೆಯಲ್ಲೂ ಬದುಕಿ ಉಳಿದ ಕೆಲವೇ ಗಿಡಗಳಲ್ಲಿ ಪೂರ್ವ ಏಷ್ಯಾ ಮೂಲದ ಆಸ್ಪಿಡಿಸ್ಟ್ರಾ ಒಂದು. ಬ್ರಿಟನ್ನಿನವರು ಅದಕ್ಕೆ ಬೀಡುಕಬ್ಬಿಣದ ಗಿಡ ಎಂದೇ ಹೆಸರಿಟ್ಟರು. ಮನೆಮನೆಯ ಕಿಟಕಿಯಲ್ಲೂ ಅದೇ ಕಾಣಿಸತೊಡಗಿ, ಅದು ಮಧ್ಯಮವರ್ಗದ ಬದುಕಿನ ಗುರುತಾಯಿತು. 1936ರಲ್ಲಿ ಜಾರ್ಜ್ ಆರ್ವೆಲ್ ತಮ್ಮ ಕಾದಂಬರಿಯೊಂದರ ಶೀರ್ಷಿಕೆಯಲ್ಲೇ ಅದನ್ನು ಸೇರಿಸಿಕೊಂಡರು. ಜನರು ಇಷ್ಟಪಟ್ಟು ಆರಿಸಿದ್ದು ಎಂಬುದಕ್ಕಿಂತ ಮಿಕ್ಕವೆಲ್ಲ ಸತ್ತಮೇಲೆ ಉಳಿದದ್ದು ಎಂಬುದೇ ಅದರ ಜನಪ್ರಿಯತೆಯ ಗುಟ್ಟು. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ ಮೂಲದ ಮನಿ ಪ್ಲಾಂಟ್ ಇಂದು ಭಾರತದ ಮನೆಗಳಲ್ಲಿ ಪಡೆದಿರುವ ಸ್ಥಾನವೂ ಅಂಥದ್ದೇ. ಬರೀ ನೀರಿನ ಸೀಸೆಯಲ್ಲೂ ಮಂದ ಬೆಳಕಿನಲ್ಲೂ ಅದು ಹೇಗೋ ಹಸಿರಾಗಿರುತ್ತದೆ.

ಗ್ಯಾಸ್ ದೀಪದ ಗುಟ್ಟು ಬಯಲಾದದ್ದು ರಷ್ಯಾದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಡಿಮಿಟ್ರಿ ನೆಲ್ಯುಬೊವ್ ಬೆಳೆಸಿದ ಬಟಾಣಿ ಮೊಳಕೆಗಳು ಮೇಲಕ್ಕೆ ಏಳುವ ಬದಲು ಅಡ್ಡಡ್ಡ ಹರಡುತ್ತಿದ್ದವು. ಹೊರಗಿನ ಗಾಳಿ ಕೊಟ್ಟಾಗ ಮಾತ್ರ ನೆಟ್ಟಗೆ ಬೆಳೆದವು. ಕೆಟ್ಟ ಬೀಜವೆಂದು ಬಿಸಾಡುವ ಬದಲು ನೆಲ್ಯುಬೊವ್ ಪ್ರಯೋಗಾಲಯದ ಗಾಳಿಯ ಬೆನ್ನು ಹತ್ತಿದರು. ದೀಪದ ಗ್ಯಾಸಿನಲ್ಲಿರುವ ಎಥಿಲೀನ್ ಎಂಬ ಅನಿಲವೇ ಇದಕ್ಕೆ ಕಾರಣ ಎಂದು 1901ರಲ್ಲಿ ಪ್ರಕಟಿಸಿದರು. 1908ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಕಾರ್ನೇಷನ್ ಹೂಗಳು ಅರಳಿದ ಮೇಲೂ ಮುದುಡಿ ಬೆಳೆಗಾರರಿಗೆ ನಷ್ಟವಾಗುತ್ತಿದ್ದಾಗ, ವಿಲಿಯಂ ಕ್ರಾಕರ್ ಮತ್ತು ಲೀ ನೈಟ್ ಅದೇ ಅನಿಲವನ್ನು ಪತ್ತೆಮಾಡಿದರು. ಗಾಳಿಯ 20 ಲಕ್ಷ ಭಾಗಗಳಲ್ಲಿ ಒಂದು ಭಾಗ ಎಥಿಲೀನ್ ಇದ್ದರೂ 12 ಗಂಟೆಗಳಲ್ಲಿ ಹೂ ಮುದುಡುತ್ತಿತ್ತು. ಮನುಷ್ಯನ ಮೂಗಿಗೆ ತಿಳಿಯದಷ್ಟು ಅಲ್ಪ ಪ್ರಮಾಣ ಅದು. ಎಥಿಲೀನ್ ಸೋಕಿದರೆ ಟೊಮೆಟೊ ಗಿಡದ ಎಲೆಗಳು ಜೋತುಬೀಳುತ್ತವೆ ಎಂದು ತಿಳಿದ ಮೇಲೆ, ಗಾಜಿನ ಮನೆಗಳಲ್ಲಿ ಗ್ಯಾಸ್ ಸೋರಿಕೆಯ ಕಾವಲಿಗೆ ಟೊಮೆಟೊ ಗಿಡವನ್ನೇ ಇಡುವ ಪದ್ಧತಿ ಬಂತು.

1934ರಲ್ಲಿ ಬ್ರಿಟನ್ನಿನ ರಿಚರ್ಡ್ ಗೇನ್, ಮಾಗುವ ಹಣ್ಣು ತಾನೇ ಎಥಿಲೀನ್ ಬಿಡುತ್ತದೆ ಎಂದು ತೋರಿಸಿದರು. ಬಾಳೆಗೊನೆಗೆ ಹೊಗೆ ಹಾಕುವ, ಮಾವನ್ನು ಹುಲ್ಲಿನಲ್ಲಿ ಅಡೆ ಹಾಕುವ ನಮ್ಮ ಹಳ್ಳಿಗಳ ಪದ್ಧತಿ ನಂಬಿರುವುದೂ ಇದೇ ಅನಿಲವನ್ನು. ಹಣ್ಣಿನ ಬುಟ್ಟಿಯ ಪಕ್ಕದ ಹೂದಾನಿಯಲ್ಲಿ ಹೂಗಳು ಬೇಗ ಬಾಡುವುದಕ್ಕೂ ಕಾರಣ ಇದೇ. ಸತ್ತ ಗಿಡಗಳ ಜಾಡು ಹಿಡಿದು ಹೊರಟ ವಿಜ್ಞಾನಕ್ಕೆ ಕೊನೆಗೆ ದೊರೆತದ್ದು ಸಸ್ಯಗಳ ಒಂದು ಹಾರ್ಮೋನು.

ಮತ್ತೊಂದು ಭ್ರಮೆ

ಪಾಠಗಳು ಅಲ್ಲಿಗೆ ಮುಗಿದವೆಂದಲ್ಲ. 1989ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಬಿಲ್ ವುಲ್ವರ್ಟನ್ ತಂಡ, ಮುಚ್ಚಿದ ಪುಟ್ಟ ಕೋಣೆಗಳಲ್ಲಿಟ್ಟ ಗಿಡಗಳು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ವಿಷಗಳನ್ನು ಗಾಳಿಯಿಂದ ತೆಗೆಯುತ್ತವೆ ಎಂದು ವರದಿ ಮಾಡಿತು. ಗಾಳಿ ಶುದ್ಧಿ ಮಾಡುವ ಗಿಡ ಎಂಬ ಚೀಟಿ ಅಂಟಿಸಿ ಮಾರುವ ವ್ಯಾಪಾರ ಇದರಿಂದ ಬೆಳೆಯಿತು. 30 ವರ್ಷಗಳ ನಂತರ, 2019ರಲ್ಲಿ, ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಇಂಥ 196 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕ ಮಾಡಿದರು. ಗಾಳಿ ಒಳಹೊರಗೆ ಓಡಾಡುವ ಮಾಮೂಲಿ ಕಟ್ಟಡದಲ್ಲಿ, ಆ ಗಾಳಿಯಾಟದಿಂದಲೇ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂಬುದು ಅವರ ಉತ್ತರ. ಕಿಟಕಿ ತೆರೆದರೆ ಆಗುವ ಕೆಲಸಕ್ಕೆ ಕಾಡನ್ನೇ ಮನೆಗೆ ತರಬೇಕಾದೀತು. ಮುಚ್ಚಿದ ಸೀಸೆಯ ಪಾಠ ಬೇರೆ, ತೆರೆದ ಮನೆಯ ಪಾಠ ಬೇರೆ.

ಸಾಕ್ಷಿಯ ಮಾತು

ಈ ಎಲ್ಲ ಪ್ರಸಂಗಗಳಲ್ಲೂ ಒಂದು ಸಂಗತಿ ಸಮಾನವಾಗಿದೆ. ಗಿಡ ಸೊರಗಿದಾಗ ಇನ್ನಷ್ಟು ನೀರು, ಇನ್ನಷ್ಟು ಶಾಖ ಕೊಟ್ಟವರು ಸೋತರು. ಬದುಕಿದ ಗಿಡಕ್ಕೂ ಸತ್ತ ಗಿಡಕ್ಕೂ ನಡುವೆ ವ್ಯತ್ಯಾಸ ಏನಿತ್ತು ಎಂದು ಕೇಳಿದವರು ಗೆದ್ದರು. ಆದ್ದರಿಂದ ಸತ್ತ ಗಿಡವನ್ನು ಎಸೆಯುವ ಮುನ್ನ ಕುಂಡದಿಂದ ಕಿತ್ತು ನೋಡುವುದು ಒಳ್ಳೆಯದು. ಬೇರು ಕಪ್ಪಾಗಿ ಮೆತ್ತಗಾಗಿ ನಾರುತ್ತಿದ್ದರೆ ನೀರು ಹೆಚ್ಚಾಗಿತ್ತು. ಗರಿಗರಿಯಾಗಿ ಒಣಗಿದ್ದರೆ ಕಡಿಮೆಯಾಗಿತ್ತು. ಕಾಂಡ ಸಣಕಲಾಗಿ ಕಿಟಕಿಯತ್ತ ಬಾಗಿ ಉದ್ದವಾಗಿದ್ದರೆ ಬೆಳಕಿಗಾಗಿ ಹಂಬಲಿಸಿತ್ತು. ಅದರ ತವರು ಮಳೆಕಾಡೋ ಮರುಭೂಮಿಯೋ ಎಂದು ವಿಚಾರಿಸಿದರೆ ಮಿಕ್ಕದ್ದು ತಿಳಿಯುತ್ತದೆ.

ಗಿಡದ ಸಾಕ್ಷಿಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ನಗರವೇ ಉದಾಹರಣೆ. ವೈದ್ಯ ವಾರ್ಡ್ ತಮ್ಮ ಪುಸ್ತಕದಲ್ಲಿ ಹೊಗೆ ಮುಸುಕಿದ ಕೇರಿಗಳ ಬಡವರ ಬದುಕಿನ ಬಗ್ಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದರು. ಹಜಾರಗಳು ಗಾಜಿನ ಪೆಟ್ಟಿಗೆಯನ್ನು ತೆಗೆದುಕೊಂಡವು. ಆ ಅಧ್ಯಾಯವನ್ನು ಬಿಟ್ಟವು. ಜರೀಗಿಡಗಳಿಗೆ ಗಾಜಿನ ಆಸರೆ ಸಿಕ್ಕಿತು, ಹೊಗೆ ಹಾಗೆಯೇ ಉಳಿಯಿತು. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದ ಹೊಗೆಮಂಜಿಗೆ, ಅಂದಿನ ಅಂದಾಜಿನ ಪ್ರಕಾರವೇ, ಸುಮಾರು 4,000 ಜನ ಬಲಿಯಾದರು. ಮನೆಗಳ ಕಲ್ಲಿದ್ದಲ ಹೊಗೆಗೆ ಕಡಿವಾಣ ಹಾಕುವ ಶುದ್ಧಗಾಳಿ ಕಾನೂನು ಬಂದದ್ದು 1956ರಲ್ಲಿ. ವೆಲ್‌ಕ್ಲೋಸ್ ಚೌಕದ ಅಂಗಳದಲ್ಲಿ ಜರೀಗಿಡಗಳು ಅದನ್ನೇ ಹೇಳಿ ಆಗಲೇ ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.